ಗುರುಗಳ ದನಿಯಲ್ಲಿ ನಾನು ಹೇಳಿದ ಕುಜದೋಷ

“ನೀವೇ ತಾನೇ ಸ್ವಾಮಿ, ಫೋನಲ್ಲಿ ಕುಜದೋಷ ಇದೆ ಅಂದಿದ್ದು? ಗಂಡಿನ ಕಡೆಯೋರಿಗೆ ಬೇಡ ಅಂದ್ಬಿಟ್ವಿ. ಮಗಳು ಎರಡು ದಿನದಿಂದ ಊಟಾನೇ ಮಾಡ್ತಿಲ್ಲ.”

ಹಲಸೂರಿನಲ್ಲಿ ನನಗೆ ಜ್ಯೋತಿಷ ಕಲಿಸುತ್ತಿದ್ದ ಗುರುಗಳ ಎದುರು ಆ ತಾಯಿ ಹೀಗೆಂದಾಗ ನಾನು ಪಂಚಾಂಗದೊಳಗೆ ಮುಖ ಹುದುಗಿಸಿದೆ. ಫೋನಿನಲ್ಲಿ ಮಾತಾಡಿದವನು ನಾನು. ಕಂಡವರನ್ನೆಲ್ಲ ಅಣಕಿಸುವ ಚಟ ನನ್ನದು. ಯಾರೂ ಸಿಗದಿದ್ದರೆ ಕನ್ನಡಿಯಲ್ಲಿ ನನ್ನನ್ನೇ. ಗುರುಗಳು ಸ್ನಾನಕ್ಕೆ ಹೋಗಿದ್ದಾಗ ಆಕೆಯ ಫೋನ್ ಬಂದಿತ್ತು. ಆಕೆ ಕೊಟ್ಟುಹೋಗಿದ್ದ ಮಗಳ ಜಾತಕದ ಏಳನೇ ಮನೆಯಲ್ಲಿ ಕುಜನನ್ನು ಕಂಡವನೇ, ಗುರುಗಳದೇ ಕೆಮ್ಮು, ಅವರದೇ ಗತ್ತಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೆ.

ತಪ್ಪೊಪ್ಪಿಕೊಂಡೆ. ಗುರುಗಳು ಜಾತಕ ನೋಡಿ ಬೆಚ್ಚಿಬಿದ್ದರು. “ಲೋ ಮಂಗ, ಕುಜ ತನ್ನ ಸ್ವಂತ ರಾಶೀಲಿದ್ದಾನೆ ಕಣೋ. ಹಾಗಿದ್ರೆ ಏಳನೇ ಮನೇಲಿದ್ರೂ ದೋಷಾನೇ ಇಲ್ಲ! ನಡಿ ಗಂಡಿನ ಮನೆಗೆ. ಅಲ್ಲಿ ನಿನ್ನ ಗಂಟಲಲ್ಲೇ ಹೇಳು.”

ರಾಮಮೂರ್ತಿ ನಗರದ ಆ ಮನೆಯ ಬಾಗಿಲಲ್ಲಿ ನನ್ನ ದನಿ ಸೊಳ್ಳೆಯ ದನಿಯಷ್ಟಿತ್ತು. “ಅಮ್ಮಾ, ತಪ್ಪು ನಂದು. ಹುಡುಗಿ ಜಾತಕದಲ್ಲಿ ದೋಷ ಇಲ್ಲ.” ಹುಡುಗನ ತಾಯಿ ಬಾಗಿಲು ಪೂರ್ತಿ ತೆರೆದು ನಮ್ಮನ್ನು ಒಳಗೆ ಕರೆದರು.

ಮದುವೆ ನಡೆಯಿತು. ಈಗ ನಾನೂ ಜಾತಕ ನೋಡುತ್ತೇನೆ. ತಿಳಿಯದಿದ್ದರೆ ತಿಳಿಯದು ಎನ್ನುತ್ತೇನೆ. ಇವನಿಗೆ ಏನೂ ಬರುವುದಿಲ್ಲವೆಂದು ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.