ಹ್ಯೂಬರ್ಟ್ ಬರೆದುಕೊಟ್ಟ ಚೀಟಿ

ದೋಹಾದ ಸಲ್ವಾ ರಸ್ತೆಯ ಬದಿಯಲ್ಲಿದ್ದ ಆ ಕಾರ್ ಕಂಪನಿಯ ಬಿಡಿಭಾಗಗಳ ಗೋದಾಮು ಎಷ್ಟು ಉದ್ದವಿತ್ತೆಂದರೆ, ಈ ತುದಿಯಲ್ಲಿ ಹಬ್ಬದ ಬಿರಿಯಾನಿ ಮುಗಿದರೂ ಆ ತುದಿಯಲ್ಲಿ ಇನ್ನೂ ರಂಜಾನ್ ಉಪವಾಸ ನಡೆದಿರುತ್ತಿತ್ತು. ಅದರ ಕೌಂಟರಿನ ಹಿಂದೆ ಹದಿನೇಳು ವರ್ಷ ಕೂತವನು ಶಿರ್ವದ ಕಡೆಯ ಹ್ಯೂಬರ್ಟ್. ಸಣ್ಣವನಿದ್ದಾಗ ಕನ್ಯಾಸ್ತ್ರೀಯರು ಬೆರಳ ಗಂಟಿಗೆ ಅಡಿಕೋಲಿನಿಂದ ಬಡಿದು ಕಲಿಸಿದ ಕೈಬರಹ ಅವನದು. ಅದನ್ನು ಒಂಟೆ ಕೂಡ ನಿಂತು ಓದಿ ಮುಂದೆ ಹೋಗುತ್ತದೆ ಎಂದು ನಾವು ಗೋದಾಮಿನವರು ಆಡಿಕೊಳ್ಳುತ್ತಿದ್ದೆವು. ಯಾರು ಏನು ಕೇಳಿದರೂ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡುವುದು ಅವನ ಚಾಳಿ. ಮದುವೆಗೆ ಒಪ್ಪಿದ್ದನ್ನೂ ನಕಲು ಸಮೇತ ಬರೆದುಕೊಟ್ಟ ಮನುಷ್ಯ ಎಂದು ಹೆಂಡತಿ ಎಡ್ನಾ ಹೇಳುತ್ತಿದ್ದಳು.

ಓಲ್ಡ್ ಏರ್‌ಪೋರ್ಟ್ ಬಳಿ ಎರಡು ಕೋಣೆಯ ಫ್ಲ್ಯಾಟ್. ಒಬ್ಬಳೇ ಮಗಳು ಫ್ರೀಡಾ, ಹತ್ತನೇ ತರಗತಿ. ತೊಂಬತ್ತೈದರ ಮಾರ್ಚಿನಲ್ಲಿ ಅವಳಿಗೆ ಬೋರ್ಡ್ ಪರೀಕ್ಷೆ. ಮೂವರ ವೀಸಾವೂ ನೇತಾಡುತ್ತಿದ್ದದ್ದು ಹ್ಯೂಬರ್ಟನ ಕಂಪನಿಯ ಒಂದೇ ಗೂಟಕ್ಕೆ.

ಅಲ್ಲಿಯ ಏಜೆನ್ಸಿ ಕಾನೂನು ಹೀಗಿತ್ತು: ಸರ್ಕಾರದಲ್ಲಿ ಹೆಸರು ನೋಂದಾಯಿಸಿದ ಏಜೆಂಟನೊಬ್ಬನೇ ಆ ಕಾರನ್ನೂ ಅದರ ಬಿಡಿಭಾಗವನ್ನೂ ದೇಶದೊಳಗೆ ತರಬೇಕು. ಬೇರೆಯವರು ಒಂದು ನಟ್ಟು ತಂದರೂ ಕಸ್ಟಮ್ಸಿನವರು ಹಿಡಿಯುತ್ತಾರೆ. ಕಾನೂನಿಗೆ ಇನ್ನೊಂದು ಅರ್ಧವೂ ಇತ್ತು. ಏಜೆಂಟ್ ಬಿಡಿಭಾಗಗಳನ್ನು ದಾಸ್ತಾನು ಇಡಲೇಬೇಕು, ಇಡದಿದ್ದರೆ ಏಜೆನ್ಸಿ ಹೋಯಿತು. ಮೊದಲರ್ಧವನ್ನು ನಮ್ಮ ಮ್ಯಾನೇಜರ್ ಕಾಸರಗೋಡಿನ ಗೋಪಿನಾಥ್ ನಿದ್ದೆಯಲ್ಲೂ ಒಪ್ಪಿಸುತ್ತಿದ್ದರು. ಎರಡನೆಯ ಅರ್ಧ ಬಂದಾಗ ಅವರಿಗೆ ಕೆಮ್ಮು ಬರುತ್ತಿತ್ತು.

ಒಂದು ಬೆಳಿಗ್ಗೆ ಫಕೀರಪ್ಪ ಬಂದ. ಗದಗದ ಕಡೆಯವನು. ಮೆಸಯೀದಿಗೆ ಕೂಲಿಯವರನ್ನು ಸಾಗಿಸುವ ಅರಬ್ ಕಂತ್ರಾಟುದಾರನೊಬ್ಬನ ಪಿಕಪ್ ಓಡಿಸುತ್ತಿದ್ದ. ಗೇರ್‌ಬಾಕ್ಸ್ ಕೆಟ್ಟು ಎಂಟು ತಿಂಗಳು. ಗಾಡಿಯ ಮೇಲೆ ಬಿದ್ದ ಮರಳಲ್ಲಿ ಖರ್ಜೂರ ನೆಟ್ಟಿದ್ದರೆ ಅಷ್ಟರಲ್ಲಿ ಫಸಲು ಬರುತ್ತಿತ್ತು. ಭಾಗ ಸಿಗುತ್ತಿಲ್ಲವೆಂದರೆ ಯಜಮಾನ ನಂಬುತ್ತಿರಲಿಲ್ಲ, ಕೆಲಸಗಳ್ಳ ಎಂದು ಬೈಯುತ್ತಿದ್ದ.

“ನನ್ನ ಮಾತಿನ ಮ್ಯಾಲ ಅವಗ ನಂಬಿಕಿ ಇಲ್ರೀ ಸಾಹೇಬ್ರ. ಒಂದ್ ಚೀಟಿ ಬರದ್ ಕೊಡ್ರಿ, ನಿಮ್ಮ ಅಕ್ಷರಾನರ ನಂಬ್ತಾನೇನೋ,” ಎಂದ ಫಕೀರಪ್ಪ.

ಬೇರೆ ಯಾವ ಗುಮಾಸ್ತನಾದರೂ ಅರಬಿಯಲ್ಲಿ ‘ಮಾಫಿ’, ಅಂದರೆ ಇಲ್ಲ, ಎಂದು ಕೈ ಆಡಿಸಿ ಕಳಿಸುತ್ತಿದ್ದ. ಹ್ಯೂಬರ್ಟ್ ಬರೆದ. ಈ ಗೇರ್‌ಬಾಕ್ಸ್ ಎಂಟು ತಿಂಗಳಿಂದ ನಮ್ಮಲ್ಲಿ ಇಲ್ಲ, ಯಾವಾಗ ಬರುವುದೋ ತಿಳಿಯದು. ತಾರೀಖು, ಸಹಿ. ಸಾಲದ್ದಕ್ಕೆ ಕಂಪನಿಯ ಮೊಹರು.

ಕಂತ್ರಾಟುದಾರ ಅಕ್ಷರವನ್ನು ನಂಬಿದ. ಎಷ್ಟು ನಂಬಿದನೆಂದರೆ ಫಕೀರಪ್ಪನನ್ನು ದುಬೈಗೆ ಅಟ್ಟಿ ಗೇರ್‌ಬಾಕ್ಸ್ ತರಿಸಿದ. ಗಡಿಯಲ್ಲಿ ಕಸ್ಟಮ್ಸಿನವರು ಹಿಡಿದರು. ನಮ್ಮ ಹಕ್ಕಿಗೆ ಕೈ ಹಾಕಿದ್ದಾನೆ ಎಂದು ಗೋಪಿನಾಥ್ ಹುಲಿಯ ಹಾಗೆ ದೂರು ಕೊಟ್ಟರು. ಫಕೀರಪ್ಪ ಜೇಬಿನಿಂದ ಚೀಟಿ ತೆಗೆದ. ದೂರು ತಿರುಗಿ ನಿಂತಿತು. ಭಾಗ ಇಲ್ಲದ ಏಜೆಂಟನಿಗೆ ಏಜೆನ್ಸಿ ಯಾಕೆ ಎಂದು ಸಚಿವಾಲಯ ವಿಚಾರಣೆಗೆ ಕರೆಯಿತು.

ಗೋಪಿನಾಥ್ ಹ್ಯೂಬರ್ಟನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಎಸಿ ಎಷ್ಟು ಜೋರಾಗಿತ್ತೆಂದರೆ ಮಾತು ಬಾಯಿಂದ ಹೊರಬಂದು ಹೆಪ್ಪುಗಟ್ಟುತ್ತಿತ್ತು.

“ಅದು ನಿಮ್ಮ ಅಕ್ಷರ ಅಲ್ಲ ಅನ್ನಿ. ಡ್ರೈವರ್ ಮೊಹರು ಕದ್ದು ಫೋರ್ಜರಿ ಮಾಡಿದ, ಅಷ್ಟೆ.”

“ಅವನಿಗೆ ಜೈಲಾಗ್ತದಲ್ಲ ಸರ್. ಅವನಿಗೆ ಬರೆಯಲಿಕ್ಕೇ ಬರುವುದಿಲ್ಲ.”

“ಮಗಳಿಗೆ ಮಾರ್ಚಲ್ಲಿ ಪರೀಕ್ಷೆ ಅಲ್ವಾ ನಿಮ್ಮದು?” ಎಂದರು ಗೋಪಿನಾಥ್.

ಸಚಿವಾಲಯದ ಅಧಿಕಾರಿ ತನ್ನ ಎದುರೇ ಬರೆಸಿ ನೋಡುತ್ತಾನೆಂಬ ಸುದ್ದಿ ಬಂತು. ಸರಿ, ಎಡ್ನಾ ಗಂಡನನ್ನು ಊಟದ ಮೇಜಿಗೆ ಕೂರಿಸಿ ಕೆಟ್ಟ ಅಕ್ಷರ ಕಲಿಸತೊಡಗಿದಳು. ನಾಲ್ಕು ದಿನ, ಫ್ರೀಡಾಳ ಹಳೆಯ ನೋಟ್‌ಬುಕ್ಕುಗಳಲ್ಲಿ. ಎಡಗೈಯಲ್ಲಿ ಬರೆದ, ಕಣ್ಣು ಮುಚ್ಚಿ ಬರೆದ. ಅವನ ಎಡಗೈ ಬರಹ ಕೂಡ ನಮ್ಮೆಲ್ಲರ ಬಲಗೈಗಿಂತ ಚಂದ. ಕೊನೆಗೆ ನಾಲ್ಕನೆಯ ದಿನ ಕೋಳಿ ಕೆದಕಿದಂಥ ಒಂದು ಪುಟ ಮೂಡಿತು. ಎಡ್ನಾ ಅದನ್ನು ಎದೆಗೊತ್ತಿಕೊಂಡು ಅತ್ತಳಂತೆ. ಪಕ್ಕದ ಕೋಣೆಯಲ್ಲಿ ಫ್ರೀಡಾ ಭೂಗೋಳ ಉರು ಹೊಡೆಯುತ್ತಿದ್ದಳು.

ವಿಚಾರಣೆಗೆ ನಾನು ಗೋದಾಮಿನ ರಿಜಿಸ್ಟರುಗಳನ್ನು ಹೊತ್ತುಕೊಂಡು ಹೋಗಿದ್ದೆ. ಫಕೀರಪ್ಪ ಗೋಡೆ ಬದಿ ನಿಂತಿದ್ದ. ಅಧಿಕಾರಿ ಬಿಳಿ ಹಾಳೆ ಮುಂದಿಟ್ಟು, ಚೀಟಿಯಲ್ಲಿದ್ದದ್ದನ್ನೇ ಬರೆ ಎಂದ. ಹ್ಯೂಬರ್ಟ್ ಫಕೀರಪ್ಪನ ಕಡೆ ಒಮ್ಮೆ ನೋಡಿ ಪೆನ್ನು ಹಿಡಿದ. ಅಡಿಕೋಲಿನ ಗೆರೆಯ ಮೇಲೆ ಕೂರಿಸಿದ ಹಾಗೆ ಅಕ್ಷರಗಳು ಸಾಲಾಗಿ ಬಂದವು. ಕೆಳಗೆ ತಾರೀಖು, ಸಹಿ. ಗೋಪಿನಾಥ್ ಚಾವಣಿ ನೋಡಿದರು.

ಕೈ ಮಾತು ಕೇಳಲಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ. ಎಡ್ನಾ ಪಾತ್ರೆ ಎಸೆಯಲಿಲ್ಲ, ಕಿರುಚಲಿಲ್ಲ. ಗಂಡನ ಜೊತೆ ಮಾತು ನಿಲ್ಲಿಸಿದಳು.

ಫಕೀರಪ್ಪನನ್ನೂ ಅವನ ಗೇರ್‌ಬಾಕ್ಸನ್ನೂ ಬಿಟ್ಟರು. ಏಜೆನ್ಸಿ ಬೇರೆ ಕಂಪನಿಗೆ ಹೋಯಿತು. ಬೇರೆ ಕಡೆ ಕೆಲಸಕ್ಕೆ ಸೇರಬೇಕಾದರೆ ಹಳೆಯ ಮಾಲೀಕನ ಬಿಡುಗಡೆ ಪತ್ರ ಬೇಕು; ಗೋಪಿನಾಥರಿಗೆ ಅವನು ಅದನ್ನು ಕೊಟ್ಟ, ಅವರು ಹೊಸ ಏಜೆಂಟನ ಹತ್ತಿರ ಅದೇ ಕುರ್ಚಿ ಹಿಡಿದರು. ಆ ಹೊಸ ಏಜೆಂಟ್ ಹ್ಯೂಬರ್ಟನನ್ನೂ ಕೇಳಿದ್ದ. ಹಳೆಯ ಮಾಲೀಕ ಅವನ ಪತ್ರಕ್ಕೆ ಸಹಿ ಹಾಕಲಿಲ್ಲ. ವೀಸಾ ರದ್ದು, ಎರಡು ವರ್ಷ ಮರಳಿ ಬರುವಂತಿಲ್ಲ. ಪರೀಕ್ಷೆ ಮುಗಿಯುವ ತನಕವಾದರೂ ಮಗುವನ್ನು ಇರಲು ಬಿಡಿ ಎಂದು ಎಡ್ನಾ ಮಾಲೀಕನ ಆಫೀಸಿನ ಬೆಂಚಿನಲ್ಲಿ ಮೂರು ದಿನ ಕೂತಳು. ಮೂರನೆಯ ದಿನ ಚಹಾದವನು ಬಂದು ‘ಖಲಾಸ್’ ಎಂದ.

ಹೊರಟದ್ದು ಫೆಬ್ರವರಿ ಇಪ್ಪತ್ತೆರಡಕ್ಕೆ. ಮೊದಲ ಪರೀಕ್ಷೆಗೆ ಒಂಬತ್ತು ದಿನ ಬಾಕಿ. ವಿಮಾನ ನಿಲ್ದಾಣಕ್ಕೆ ಅವರನ್ನು ಬಿಟ್ಟವನು ಫಕೀರಪ್ಪನೇ, ಅದೇ ಪಿಕಪ್ಪಿನಲ್ಲಿ. ಸಾಮಾನುಗಳ ಜೊತೆ ಹಿಂದೆ ಕೂತಿದ್ದ ನನಗೆ ಅವನು ದಾರಿಯುದ್ದಕ್ಕೂ ಮೂಗೊರೆಸಿಕೊಳ್ಳುವುದು ಕಾಣಿಸುತ್ತಿತ್ತು.

ಎಡ್ನಾ ಪಾಸ್‌ಪೋರ್ಟುಗಳನ್ನು ಹಿಡಿದು ಸಾಲಿನಲ್ಲಿ ಮುಂದೆ ನಿಂತಿದ್ದಳು. ಫ್ರೀಡಾ ಅಪ್ಪನ ಪಕ್ಕಕ್ಕೆ ಬಂದಳು.

“ಡ್ಯಾಡಿ, ಕೈ ಕೇಳಲಿಲ್ಲ ಅಂತ ಎಲ್ಲರಿಗೂ ಹೇಳಿದ್ರಲ್ಲ. ನಿಜವಾ?”

ಹ್ಯೂಬರ್ಟ್ ಹೆಂಡತಿಯ ಬೆನ್ನನ್ನೇ ನೋಡುತ್ತಿದ್ದ.

“ಅಲ್ಲ ಮಗಾ,” ಎಂದ. “ನಾನೇ ಬರೆದದ್ದು.”

ಅವಳು ತಲೆಯಾಡಿಸಿದಳು. ತನ್ನ ಪುಸ್ತಕದ ಚೀಲವನ್ನು ತಾನೇ ಎತ್ತಿಕೊಂಡು, ಹೋಗಿ ಅಮ್ಮನ ಪಕ್ಕದಲ್ಲಿ ನಿಂತಳು.