ಕೊನೆಯ ಪಂಕ್ತಿಯ ಮಾಲೀಕ

ಬೆಳಗ್ಗೆ ಆರಕ್ಕೆ ನಮ್ಮ ಹೋಟೆಲಿನ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುವಾಗ ನನ್ನ ಎರಡು ಮಂಡಿಗಳೂ ಅದಕ್ಕೆ ಶ್ರುತಿ ಸೇರಿಸುತ್ತವೆ. ಮರಾಠಿ ಸೀಮೆಯ ಈ ಪಿಂಪ್ರಿಯ ಕಾರ್ಖಾನೆಗಳ ಮೊದಲ ಪಾಳಿಯವರು ನುಗ್ಗುವ ಆ ಹೊತ್ತಿನಲ್ಲಿ ಕೂತು ಕಾಲು ನೀವಿಕೊಳ್ಳಲು ಪುರುಸೊತ್ತೆಲ್ಲಿ? ಹಾಗಾಗಿ ಒಂದು ಲೋಟ ಚಹಾ, ಅದರೊಡನೆ ಒಂದು ನೋವಿನ ಮಾತ್ರೆ. ಡಾಕ್ಟರು ಅದರ ಜೊತೆಗೆ ಬರೆದುಕೊಟ್ಟಿದ್ದ ಹೊಟ್ಟೆಯ ಮಾತ್ರೆಯನ್ನು ಮಾತ್ರ ನಾನು ಮುಟ್ಟಿರಲಿಲ್ಲ. ತಕರಾರು ಮಂಡಿಯದು, ಹೊಟ್ಟೆ ಏನು ತಪ್ಪು ಮಾಡಿತ್ತು ಹೇಳಿ.

ಕುಂದಾಪುರದಿಂದ ಬಂದು ಇಲ್ಲಿ ಒಲೆ ಹೂಡಿದ ಅಪ್ಪಯ್ಯ ನನಗೆ ಕಲಿಸಿದ್ದು ಒಂದೇ ವ್ರತ: ಗಿರಾಕಿಗಳ ಹೊಟ್ಟೆ ತುಂಬುವ ತನಕ ಮಾಲೀಕ ತುತ್ತೆತ್ತಬಾರದು. ಅವರ ಹೊಟ್ಟೆಯೋ ಮಧ್ಯಾಹ್ನ ಎರಡರವರೆಗೂ ತುಂಬುವುದಿಲ್ಲ. ರಾಶಿ ಇಡ್ಲಿಗಳ ನಡುವೆ ನಿಂತು ಉಪವಾಸವಿರುವ ಈ ಪುಣ್ಯವನ್ನು ನಾನು ತುಸು ಜಂಬದಿಂದಲೇ ಹೊತ್ತಿದ್ದೆ, ನಿಮ್ಮೆದುರು ಮುಚ್ಚುಮರೆಯೇಕೆ. ಹೊಟ್ಟೆ ಉರಿದಾಗ ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದೆ. ಮಲ ಕಪ್ಪಗಾದ ದಿನ ಹೆದರಿ ಡಾಕ್ಟರ ಬಳಿ ಓಡಿದೆ, ಅಂದರೆ ಕುಂಟಿದೆ.

ವಿಜಯಪುರದ ಕಡೆಯ ಆ ಡಾಕ್ಟರಮ್ಮ ಗಂಟಲಿನಿಂದ ನಳಿಕೆ ಇಳಿಸಿ ನೋಡಿ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು. “ಊರ ಮಂದಿಗೆಲ್ಲಾ ನಾಷ್ಟಾ ಹಾಕಿ, ನೀವು ಖಾಲಿ ಹೊಟ್ಟ್ಯಾಗ ಗುಳಿಗಿ ನುಂಗ್ತೀರಿ. ಭಾಳ ಶಾಣ್ಯಾ ಇದ್ದೀರಿ ನೋಡ್ರಿ.” ನೋವಿನ ಮಾತ್ರೆ ಬಂದ್. ಮಂಡಿಗೆ ಮುಲಾಮು, ತೊಡೆಗೆ ವ್ಯಾಯಾಮ, ಹೊಟ್ಟೆಯ ಮಾತ್ರೆ ನುಂಗಿದ ಅರ್ಧ ಗಂಟೆಗೆ ತಪ್ಪದೆ ತಿಂಡಿ.

ಮರುದಿನ ಏಳಕ್ಕೆ ನನ್ನದೇ ಹೋಟೆಲಿನ ಮೇಜಿನಲ್ಲಿ ಇಡ್ಲಿ ತಟ್ಟೆ ಇಟ್ಟುಕೊಂಡು ಕಳ್ಳನಂತೆ ಕೂತೆ. ಚಟ್ನಿ ತಂದ ಹೆಂಡತಿ ಸುಮತಿ ಎದುರಿನ ಕುರ್ಚಿಗೆ ಕುಸಿದು, “ಅಂತೂ ಇನ್ ನಾನೂ ತಿಂಬುದು,” ಎಂದಳು.

“ಇಷ್ಟು ದಿನ ತಿನ್ನಬೇಡ ಅಂದವರು ಯಾರು?”

“ನೀವ್ ತಿನ್ನದೆ ನಾನ್ ಹ್ಯಾಂಗ್ ತಿಂಬುದು? ನಂಗೂ ಎರಡ್ ವರ್ಷದಿಂದ ಬೆರಳ್ ಗಂಟ್ ನೋವು. ನಿಮ್ಮ್ ಮಾತ್ರೆನೇ ದಿನಾ ಒಂದ್ ತಕಂತಿದ್ದೆ, ಬರೀ ಚಾ ಕುಡ್ದು.”

ಅವಳ ಬೆರಳುಗಳನ್ನು ಆಗ ನೋಡಿದೆ. ಚಟ್ನಿ ಅರೆದು, ಹಿಟ್ಟು ಕಲಸಿ ಗೆಣ್ಣುಗಳು ಬಾತಿದ್ದವು. ಎರಡು ವರ್ಷ ಅದೇ ಕೈಯಿಂದ ಚಹಾ ಈಸಿಕೊಂಡು ಕುಡಿದಿದ್ದೇನೆ. ವ್ರತದ ಪುಣ್ಯವೆಲ್ಲ ನನ್ನದೆಂದು ಮೆರೆದವನಿಗೆ, ಅದರ ಉರಿಯನ್ನು ಇನ್ನೊಂದು ಹೊಟ್ಟೆಯೂ ಸದ್ದಿಲ್ಲದೆ ಹೊತ್ತಿದ್ದು ಕಾಣಲಿಲ್ಲವಲ್ಲ ಎಂದು ತುಂಬ ನಾಚಿಕೆಯಾಯಿತು. ಇವತ್ತೇ ನಿನ್ನನ್ನೂ ಡಾಕ್ಟರಿಗೆ ತೋರಿಸುತ್ತೇನೆ ಎಂದೆ.

ಅಷ್ಟರಲ್ಲಿ ಮೂಲೆಯ ಮೇಜಿನಿಂದ ಯಾರೋ ಇಡ್ಲಿ ಕೇಳಿದರು. ಸುಮತಿ ಅಭ್ಯಾಸಬಲದಿಂದ ಎದ್ದಳು. ನಾನು ಅವಳನ್ನು ಕೂರಿಸಿ, ನನ್ನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿ, ಹತ್ತು ನಿಮಿಷ ತಡೆಯಿರಿ, ನನ್ನ ಹೆಂಡತಿ ತಿನ್ನುತ್ತಿದ್ದಾಳೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದೆ.