ಮುಂಜಾಗ್ರತೆಯವನ ಪ್ಲಗಿನ್

ಆತನನ್ನು ಮನೆಮಂದಿಯೆಲ್ಲ ಮುಂಜಾಗ್ರತೆ ಎಂದೇ ಕರೆಯುತ್ತಿದ್ದರು. ಸುಡುಬಿಸಿಲಲ್ಲೂ ಕಂಕುಳಲ್ಲಿ ಕೊಡೆ, ಅದು ಮುರಿದರೆ ಇರಲಿ ಎಂದು ಚೀಲದಲ್ಲಿ ಇನ್ನೊಂದು. ಅಷ್ಟಕ್ಕೇ ಸುಮ್ಮನಿರುವ ಆಸಾಮಿಯೇ? ಯಾಕೆ ತಂದೆ, ಯಾಕೆ ಬಿಚ್ಚಲಿಲ್ಲ ಎಂದು ದಾರಿಹೋಕರಿಗೂ ವಿವರಿಸಬೇಕು. ಇಂಥವನು ಸಾಫ್ಟ್‌ವೇರ್ ಬರೆದರೆ ಹೇಗಿದ್ದೀತು, ನೀವೇ ಹೇಳಿ.

ಬರೆದದ್ದು ದರ್ಜಿ ಅಂಗಡಿಗಳಿಗೆ. ಗಿರಾಕಿಗಳ ಅಳತೆ ಇಟ್ಟುಕೊಂಡು, ಬಟ್ಟೆಗೆ ಕಟ್ಟುವ ಚೀಟಿ ಮುದ್ರಿಸಿಕೊಡುವ ಪುಟ್ಟ ಕೆಲಸ. ಅದಕ್ಕೆ ಈ ಮಹಾಶಯ ಇಡೀ ಊರಿನ ಲೆಕ್ಕ ಹಿಡಿಸುವಂಥ ಡೇಟಾಬೇಸ್ ಜೋಡಿಸಿದ್ದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಆ ಡೇಟಾಬೇಸ್ ಎದ್ದು ಕೂರದಿದ್ದರೆ ಒಂದು ಚೀಟಿಯೂ ಹೊರಬೀಳದು. ಬೇಸತ್ತ ದರ್ಜಿಗಳು ಒಬ್ಬೊಬ್ಬರಾಗಿ ಕೈಬಿಟ್ಟರು. ಉಳಿದವಳು ಸ್ವಂತ ಅಕ್ಕ ಒಬ್ಬಳೇ, ಅದೂ ತಮ್ಮನ ಮುಖ ನೋಡಿಕೊಂಡು.

ಅವಳಿಗೂ ಸಾಕಾಗಿತ್ತು. ಒಂದು ಮಧ್ಯಾಹ್ನ ಗಿರಾಕಿ ಎದುರಿಗೆ ಕಾಯುತ್ತಿರುವಾಗಲೇ ಕಂಪ್ಯೂಟರ್ ಮುಷ್ಕರ ಹೂಡಿತು. ಅಕ್ಕ ತಮ್ಮನಿಗೆ ಫೋನ್ ಹಚ್ಚಿದಳು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೋ. ಈ ವಾರದಲ್ಲಿ ಸರಿ ಮಾಡ್ಲಿಲ್ಲ ಅಂದ್ರೆ ಕಂಪ್ಯೂಟರ್ ಮೂಲೆಗೆ, ಮೇಜು ಇಸ್ತ್ರಿಗೆ."

ಅಕ್ಕನೂ ಬಿಟ್ಟರೆ, ವರ್ಷಗಟ್ಟಲೆ ಕಣ್ಣು ಸವೆಸಿ ಬರೆದದ್ದು ಭೂಮಿಯ ಮೇಲೆ ಒಬ್ಬರಿಗೂ ಬೇಡದ್ದಾಗಿಬಿಡುತ್ತದಲ್ಲ! ತಮ್ಮ ಹಟ ಹಿಡಿದು ಕೂತ. ಡೇಟಾಬೇಸಿನ ಭಾಗವನ್ನೆಲ್ಲ ಕಿತ್ತು ಬೇಕಾದರಷ್ಟೇ ಸಿಕ್ಕಿಸಿಕೊಳ್ಳುವ ಬೇರೆಯೇ ತುಂಡು, ಅಂದರೆ ಪ್ಲಗಿನ್ ಮಾಡಿದ. ಅದು ಫೋಲ್ಡರಿನಲ್ಲಿದ್ದರೆ ಸಾಫ್ಟ್‌ವೇರ್ ತೆರೆಯುವಾಗ ತಾನಾಗಿ ಸೇರಿಕೊಳ್ಳುತ್ತದೆ. ಇಲ್ಲದಿದ್ದರೆ ಅಳತೆಗಳು ಸಾದಾ ಫೈಲಿನಲ್ಲಿ ತೆಪ್ಪಗೆ ಕೂರುತ್ತವೆ. ಅಕ್ಕನ ಕಂಪ್ಯೂಟರಿಗೆ ಪ್ಲಗಿನ್ ಹಾಕಲೇ ಇಲ್ಲ. ಕೆಲಸ ಚೆನ್ನಾಗಿಯೇ ಆಗಿತ್ತು, ಸುಳ್ಳು ಹೇಳಬಾರದು.

ಆದರೆ ಹುಟ್ಟುಗುಣ ಸುಟ್ಟರೂ ಹೋದೀತೇ? ತೆರೆದ ಕೂಡಲೇ ಪರದೆಯ ನಡುವೆ ಒಂದು ಸಂದೇಶ: 'ಡೇಟಾಬೇಸ್ ಪ್ಲಗಿನ್ ಸಿಗಲಿಲ್ಲ. ಗಾಬರಿ ಬೇಡ, ಅದು ನಿಮಗೆ ಬೇಕಾಗಿಯೂ ಇಲ್ಲ. ಸರಿಯೇ?' ಅಕ್ಕ ಪ್ರತಿ ಸಲವೂ ಕತ್ತರಿ ಕೆಳಗಿಟ್ಟು 'ಸರಿ' ಒತ್ತಬೇಕು.

ವಾರದ ಕೊನೆಗೆ ಶಹಬ್ಬಾಸ್‌ಗಿರಿ ಗಿಟ್ಟೀತೆಂದು ಅಂಗಡಿಗೆ ಹೋದರೆ, ಇಸ್ತ್ರಿಪೆಟ್ಟಿಗೆ ಆಗಲೇ ಮೇಜಿನ ತುದಿಗೆ ಬಂದು ಕೂತಿತ್ತು.

"ಕರೀದೇ ಇರೋ ನೆಂಟ ಬರ್ಲಿಲ್ಲ ಅಂತ ದಿನಾ ಬಾಗಿಲಿಗೆ ಅಡ್ಡ ನಿಂತು ಹೇಳ್ತೀಯಲ್ಲೋ," ಅಂದಳು ಅಕ್ಕ, ಹೊಲಿಗೆಯಿಂದ ತಲೆಯೆತ್ತದೆ.

ಅವನಿಗೆ ನಾಚಿಕೆಯಾಯಿತು. ಮನೆಗೆ ಹೋಗಿ ಆ ಸಂದೇಶವನ್ನು ಅಳಿಸಿ ಸಾಫ್ಟ್‌ವೇರನ್ನು ಹೊಸದಾಗಿ ಕಳಿಸಿದ. ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ಒಂದಕ್ಷರವನ್ನೂ ಜೊತೆಗೆ ಬರೆಯಲಿಲ್ಲ. ಅದಕ್ಕೆ ಪಟ್ಟ ಪಾಡು ಅವನಿಗೇ ಗೊತ್ತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅಕ್ಕನ ಫೋನ್. ಹಿಂದುಗಡೆ ಚೀಟಿಗಳು ಕರಕರ ಮುದ್ರಣವಾಗುವ ಸದ್ದು.

"ತೆರೀತು ಕಣೋ. ಏನೂ ಹೇಳ್ಲೇ ಇಲ್ಲ." ಅವಳ ದನಿಯಲ್ಲಿ ಗಾಬರಿಯಿತ್ತು. "ನೀನು ಹುಷಾರಾಗಿದ್ದೀಯ ತಾನೇ?"

ವಿವರಣೆಯೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಹೂಂ ಅಕ್ಕ," ಎಂದಷ್ಟೇ ಅಂದ.